ಉಪ್ಪು ಬಿಟ್ಟ ಮುತ್ಯಾ

ಗಲಗಲಿಯ ಆ ಮನೆಯಲ್ಲಿ ಹನ್ನೊಂದು ವರ್ಷ ಎರಡು ಗಡಿಗೆಗಳಲ್ಲಿ ಅಡುಗೆ ಆಗುತ್ತಿತ್ತು. ಒಂದಕ್ಕೆ ಉಪ್ಪು ಬೀಳುತ್ತಿತ್ತು, ಇನ್ನೊಂದಕ್ಕೆ ಬೀಳುತ್ತಿರಲಿಲ್ಲ. ಹೋದ ತಿಂಗಳಿಂದ ಒಂದೇ ಗಡಿಗೆ ಸಾಕಾಗಿದೆ. ಸಪ್ಪೆ ಗಡಿಗೆಯ ಊಟ ಉಣ್ಣುತ್ತಿದ್ದವನು ತೀರಿಕೊಂಡ. ಅವನು ಉಪ್ಪು ಬಿಟ್ಟದ್ದಕ್ಕೆ ನಾನೂ ಒಂದು ಕಾರಣ. ಇದನ್ನು ಅವನೊಬ್ಬನನ್ನು ಬಿಟ್ಟು ಊರಲ್ಲಿ ಯಾರಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಅವನಿಗೊಂದು ಹೆಸರಿತ್ತು, ಆದರೆ ಯಾರೂ ಕರೆಯುತ್ತಿರಲಿಲ್ಲ. ಮುಧೋಳದಿಂದ ಬೀಳಗಿಯವರೆಗೆ ಎಲ್ಲರಿಗೂ ಅವನು ಮುತ್ಯಾ. ಎದುರಿಗೆ ನಾನು ಅವನನ್ನು ‘ರೀ’ ಹಚ್ಚದೆ ಮಾತಾಡಿಸಿದವನಲ್ಲ. ಆದರೆ ಮನಸ್ಸಿನಲ್ಲಿ ಅವನು ಯಾವತ್ತೂ ‘ಅವನು’ ಆಗಿಯೇ ಇದ್ದ, ಹಾಗೇ ಇರಲಿ. ಬೀರೇಶ್ವರನ ಒಕ್ಕಲು, ಕುರಿ ಕಾಯುವ ಮನೆತನ. ಎತ್ತರದ ಆಳು, ಬಿಳಿ ಮೀಸೆ, ಹೆಗಲ ಮೇಲೆ ಬಿಸಿಲಿರಲಿ ಚಳಿ ಇರಲಿ ಒಂದು ಕರಿ ಕಂಬಳಿ. ಆ ಕಂಬಳಿಯೇ ಅವನ ವಿದ್ಯೆ.

ಮುತ್ಯಾ ನೆಲದೊಳಗಿನ ನೀರು ತೋರಿಸುತ್ತಿದ್ದ. ಬಾವಿ ತೋಡಬೇಕಾದವರು ಅವನನ್ನು ಕರೆದೊಯ್ಯುತ್ತಿದ್ದರು. ಮೊದಲು ಹೊಲವನ್ನೆಲ್ಲ ತಿರುಗಾಡಿ ನೋಡುತ್ತಿದ್ದ. ಹುತ್ತ ಎಲ್ಲಿದೆ, ಮಧ್ಯಾಹ್ನ ಕುರಿಗಳು ತಾವಾಗಿ ಎಲ್ಲಿ ಮಲಗುತ್ತವೆ ಎಂದು ಗಮನಿಸುತ್ತಿದ್ದ. ಸವುಳು, ಅಂದರೆ ಉಪ್ಪಿನಂಶದ ನೆಲದ ಮೇಲೆ ಕುರಿ ಮಲಗುವುದಿಲ್ಲ ಎನ್ನುತ್ತಿದ್ದ. ಆಮೇಲೆ ಸಂಜೆ ಒಂದು ಜಾಗ ಆರಿಸಿ ಕಂಬಳಿ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಬರುತ್ತಿದ್ದ. ಬೆಳಿಗ್ಗೆ ಹೋಗಿ ಎತ್ತಿ, ಕೆಳಮಗ್ಗಲಿಗೆ ಅಂಗೈ ಒತ್ತಿ ನೋಡುತ್ತಿದ್ದ. ತೊಯ್ದಿದ್ದರೆ ಅಲ್ಲೇ ಗೂಟ ಹೊಡೆಯುತ್ತಿದ್ದ. ಒಣಗಿದ್ದರೆ ಕಂಬಳಿ ಕೊಡವಿ ಹೆಗಲಿಗೆ ಹಾಕಿ ಮುಂದಿನ ಜಾಗಕ್ಕೆ ನಡೆಯುತ್ತಿದ್ದ.

ಬೀಳಗಿ ಕಡೆಯ ಒಬ್ಬ ಗೌಡರಿಗೆ ಬಾವಿ ತಮ್ಮ ದೊಡ್ಡಮನೆಯ, ವಾಡೆಯ ಮುಂದೆಯೇ ಬೇಕಿತ್ತು. ಅಲ್ಲಿ ಮೂರು ದಿನ ಹಾಸಿದರೂ ಕಂಬಳಿ ತೊಯ್ಯಲಿಲ್ಲ. ನಾಲ್ಕನೆಯ ದಿನ ಊರಾಚೆಯ ಕೇರಿಯ ಪಕ್ಕದಲ್ಲಿ ಹಾಸಿದ, ತೊಯ್ಯಿತು. ಗೌಡರು ಇನ್ನೊಮ್ಮೆ ವಾಡೆಯ ಮುಂದೆ ಹಾಸಿ ನೋಡೆಂದರು.

“ನಾಕು ದಿನ ಅಲ್ಲ, ನಾಕು ವರ್ಷ ಹಾಸ್ತೇನ್ರಿ ಗೌಡ್ರ. ಕಂಬಳಿಗಿ ವಾಡೆ ಯಾವುದು, ಕೇರಿ ಯಾವುದು ತಿಳಿಯೂದಿಲ್ಲ” ಎಂದು ಮುತ್ಯಾ ಕೇರಿಯಲ್ಲೇ ಗೂಟ ಹೊಡೆದು ಬಂದ. ಆ ಬಾವಿಯ ನೀರು ಕೇರಿಯವರು ಇವತ್ತಿಗೂ ಕುಡಿಯುತ್ತಾರೆ.

ಇಷ್ಟು ಮಾಡಿದ್ದಕ್ಕೆ ಅವನು ಯಾರ ಹತ್ತಿರವೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಿದ್ದ. ಜಾಗ ತೋರಿಸುತ್ತೇನೆ ಎಂದು ಒಪ್ಪಿ ವೀಳ್ಯದೆಲೆ ಹಿಡಿದ ಗಳಿಗೆಯಿಂದ ಅವನಿಗೆ ಉಪ್ಪು ಬಂದ್. ಬಾವಿಗೆ ನೀರು ಬಂದ ಮೇಲೆ ತಾನೇ ಕೆಳಗಿಳಿದು, ಮೊದಲ ಬೊಗಸೆ ಕುಡಿದು, “ಐತಿ!” ಎಂದು ಮೇಲಿನವರಿಗೆ ಕೂಗುತ್ತಿದ್ದ. ಆ ಕೂಗು ಆದ ಮೇಲೆಯೇ ಉಪ್ಪಿನ ಊಟ. ಅವನಪ್ಪನೂ ಹಾಗೇ ಮಾಡುತ್ತಿದ್ದನಂತೆ. ಯಾಕೆ ಎಂದು ಒಮ್ಮೆ ಕೇಳಿದ್ದೆ.

“ಉಪ್ಪುಂಡ ನಾಲಿಗಿ ನೀರಿನ ಮುಂದ ಸುಳ್ಳು ಹೇಳತೈತ್ರಿ ಮಾಸ್ತರ” ಎಂದಿದ್ದ.

ಊಟದಲ್ಲಿ ಮಾತ್ರವಲ್ಲ, ಆ ದಿನಗಳಲ್ಲಿ ಉಪ್ಪು ಇದ್ದೀತು ಎಂಬ ಅನುಮಾನ ಬಂದ ಯಾವುದನ್ನೂ ಅವನು ನಾಲಿಗೆಗೆ ಸೋಕಿಸುತ್ತಿರಲಿಲ್ಲ. ಈ ಮಾತು ನೆನಪಿರಲಿ, ಮುಂದಿನದೆಲ್ಲ ಆದದ್ದು ಇದರಿಂದಲೇ.

ನಾನು ಜಮಖಂಡಿಯವನು. ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಗಲಗಲಿಯ ಸಾಲೆಗೆ ಮಾಸ್ತರನಾಗಿ ಬಂದಿದ್ದೆ. ಮನೆಯಲ್ಲಿ ಮರಾಠಿ ನಡೆಯುತ್ತಿತ್ತು, ಹಿಂದಿ ಅಷ್ಟಿಷ್ಟು ಬರುತ್ತಿತ್ತು. ನಾಲ್ಕನೇ ಇಯತ್ತೆಗೆ ಭೂಗೋಲ ಕಲಿಸುತ್ತಿದ್ದೆ. ಹಲಗೆಯ ಮೇಲೆ ಮುಂಬಯಿ ರಾಜ್ಯದ ನಕಾಶೆ ಬರೆದು, ಕೆಳಗೆ ನಮ್ಮ ಕೃಷ್ಣೆಯನ್ನೂ ಮೇಲೆ ಖಂಬಾತದ ಕೊಲ್ಲಿಯನ್ನೂ ತೋರಿಸುತ್ತಿದ್ದೆ. ಸಮುದ್ರವನ್ನು ಮಾತ್ರ ನೋಡಿರಲಿಲ್ಲ.

ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡುವ ಒಬ್ಬ ಗುಜರಾತಿ ಸೇಟ್‌ಜಿ ಇದ್ದರು. ರಬಕವಿ-ಬನಹಟ್ಟಿಯ ಮಗ್ಗದವರೆಲ್ಲ ಅವರ ಗಿರಾಕಿಗಳೇ. ಎರಡು ತಲೆಮಾರು ಇಲ್ಲೇ ಕಳೆದು ನಮ್ಮಂತೆಯೇ ಮಾತಾಡುತ್ತಿದ್ದರು. ಒಂದು ದಿನ ಅವರು ಜೀಪು ಮಾಡಿಕೊಂಡು ಮುತ್ಯಾನ ಮನೆಗೆ ಬಂದರು, ನಾನೂ ಅಲ್ಲಿದ್ದೆ. ಅವರ ಮೂಲದ ಹಳ್ಳಿ ಖಂಬಾತದ ಆಚೆ, ಸಮುದ್ರದ ದಂಡೆಯಲ್ಲಿ. ತಾಯಿ ಇನ್ನೂ ಅಲ್ಲೇ ಇದ್ದರು, ಎಷ್ಟು ಕರೆದರೂ ಇಲ್ಲಿಗೆ ಬರಲೊಲ್ಲರು.

“ಮೂರು ಬಾವಿ ತೋಡಿವಿ, ಮೂರೂ ಉಪ್ಪ ಬಿದ್ದುವು. ಈ ವಯಸ್ಸಿನ್ಯಾಗೂ ನಮ್ಮವ್ವ ಎರಡು ಮೈಲಿ ನಡದು ಕೆರಿ ನೀರು ತರ್ತಾಳ. ಒಂದು ಕೊಡ ಸಿಹಿ ನೀರು ಅಕಿ ಮನಿ ಮುಂದ ಬರಲಿ. ಅಷ್ಟ ಬೇಕು ನನಗ” ಎಂದು ಸೇಟ್‌ಜಿ ವೀಳ್ಯದೆಲೆ ಮುಂದೆ ಹಿಡಿದರು.

ಮುತ್ಯಾ ನನ್ನ ಕಡೆ ನೋಡಿದ. “ಮಾಸ್ತರ, ಅದು ಎಷ್ಟು ದೂರ ಆಗತೈತ್ರಿ?”

“ಭಾಳ ದೂರ. ಆದ್ರ ನಮ್ಮ ರಾಜ್ಯಾನ” ಎಂದೆ ನಾನು, ನಕಾಶೆಯ ಹಮ್ಮಿನಲ್ಲಿ.

“ನೀವೂ ಬಂದ್ರ ಹೋಗೂಣು. ಅಲ್ಲಿ ಮಂದಿ ಏನಂತಾರ ನನಗ ತಿಳಿಯಬೇಕಲ್ಲ” ಎಂದ, ಎಲೆ ಹಿಡಿದ. ಅವತ್ತು ರಾತ್ರಿಯೇ ಆಯಿ, ಅಂದರೆ ಅವನ ಹೆಂಡತಿ, ಎರಡನೆಯ ಗಡಿಗೆ ಒಲೆಗೇರಿಸಿದಳು.

ಸಂಕ್ರಾಂತಿ ಮುಗಿದ ಮೇಲೆ ಹೊರಟೆವು. ಸೇಟ್‌ಜಿ, ಮುಧೋಳದ ಡ್ರೈವರ್, ನಾನು, ಮುತ್ಯಾ. ಮಿರಜ, ಕೊಲ್ಹಾಪುರ, ಪುಣೆ ದಾಟಿ ಘಟ್ಟ ಇಳಿದೆವು. ದಾರಿಯಲ್ಲಿ ನಾವು ಮೂವರು ಕಂಡಕಂಡಲ್ಲಿ ಭಜಿ, ಚಿವಡಾ ತಿನ್ನುತ್ತಿದ್ದೆವು. ಮುತ್ಯಾ ಆಯಿ ಕಟ್ಟಿಕೊಟ್ಟ ಸಪ್ಪೆ ರೊಟ್ಟಿಯನ್ನು ಬೆಲ್ಲದ ಜೊತೆ ಮುರಿದು ತಿಂದು, ನಮ್ಮನ್ನು ನೋಡಿ ನಗುತ್ತಿದ್ದ.

ಸಮುದ್ರ ಮೊದಲು ಕಂಡದ್ದು ಮುಂಬಯಿಯ ಉತ್ತರಕ್ಕೆ, ವಸಯಿಯ ಹತ್ತಿರ. ನಾನು ಬಾಯಿ ತೆರೆದು ನಿಂತೆ. ಇಷ್ಟು ವರ್ಷ ಹಲಗೆಗೆ ನೀಲಿ ಸೀಮೆಸುಣ್ಣ ತಿಕ್ಕಿ ತೋರಿಸಿದ್ದು ಏನೇನೂ ಅಲ್ಲ ಅನ್ನಿಸಿತು. ಮುತ್ಯಾ ರುಮಾಲಿನಿಂದ ಮೂಗು ಬಾಯಿ ಮುಚ್ಚಿಕೊಂಡ. ಗಾಳಿಯಲ್ಲಿ ಉಪ್ಪು ಇರುತ್ತದೆ ಎಂದು ಡ್ರೈವರ್ ಹೇಳಿಬಿಟ್ಟಿದ್ದ. ಬಟ್ಟೆಯ ಹಿಂದಿನಿಂದ ಕೇಳಿದ, “ಇಷ್ಟು ನೀರು! ಇದನ್ನ ಯಾರು ತೋರಿಸಿದ್ರ್ಯೋ?”

ವಸಯಿಯ ಕೋಟೆ ನೋಡಿದೆವು. ಪೋರ್ತುಗೀಜರು ಕಟ್ಟಿದ್ದು, ಮರಾಠರು ಜೀವ ತೆತ್ತು ಗೆದ್ದದ್ದು. ಸಾಲೆಯಲ್ಲಿ ಆ ಕಥೆ ಹೇಳುವಾಗ ನನ್ನ ದನಿ ಏರುತ್ತಿತ್ತು, ಅಲ್ಲೂ ಏರಿತು. ಚಾವಣಿ ಹಾರಿದ ಚರ್ಚುಗಳು, ಗೋಡೆ ಸೀಳಿ ಬೆಳೆದ ಆಲದ ಬೇರು ತೋರಿಸುತ್ತ ನಡೆದೆ. ತಿರುಗಿ ನೋಡಿದರೆ ಮುತ್ಯಾ ಇಲ್ಲ. ಆ ಮಹಾಶಯ ಹಿಂದೆಯೇ ಒಂದು ಹಳೆಯ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ಮೀನು ಹಿಡಿಯುವ ಕೋಳಿ ಜನದ ಹೆಂಗಸೊಬ್ಬಳು ನೀರು ಸೇದುತ್ತಿದ್ದಳು. ಮುತ್ಯಾ ಡ್ರೈವರನಿಗೆ ಕುಡಿದು ಹೇಳೆಂದ.

“ಬೆಲ್ಲ ಮುತ್ಯಾ, ಬೆಲ್ಲ!” ಎಂದ ಡ್ರೈವರ್.

ಮುತ್ಯಾನ ಮುಖ ಅರಳಿತು. “ನೋಡ್ರಿ ಮಾಸ್ತರ, ಸಮುದ್ರ ಅಲ್ಲೇ ಐತಿ, ಸಿಹಿ ನೀರು ಇಲ್ಲೇ ಐತಿ. ತೋರಿಸಿದಾವ ಶಾಣ್ಯಾ ಇದ್ದ. ಕ್ವಾಟಿ ಗೆದ್ದಾವರ ಸುದ್ದಿ ಹೇಳ್ತೀರಿ, ಈ ಬಾವಿ ತೋರಿಸಿದಾವ ಯಾರು ಹೇಳ್ರಿ?” ಆ ಹೆಸರನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಅಲ್ಲಿಂದ ಮುಂದೆ ರಸ್ತೆ ಎಂಬುದು ಹೆಸರಿಗೆ. ಸಮುದ್ರ ಒಳನುಗ್ಗಿದ ಖಾಡಿಗಳು ಅಡ್ಡ ಬಂದಲ್ಲಿ ಎರಡು ದೋಣಿಗೆ ಹಲಗೆ ಜೋಡಿಸಿ ಅದರ ಮೇಲೆ ಜೀಪು ಹತ್ತಿಸಿ ದಾಟಿಸಿದರು. ಎರಡೂ ಬದಿ ಉಪ್ಪಿನ ಗದ್ದೆಗಳು, ಮನೆಯೆತ್ತರದ ಬಿಳಿ ರಾಶಿಗಳು. “ನಾ ಉಪ್ಪು ಬಿಟ್ಟದ್ದು ಇವರಿಗಿ ಯಾರೋ ಹೇಳ್ಯಾರ. ಕಾಡಾಕಂತನ ಒಟ್ಟಿ ಇಟ್ಟಾರ” ಎಂದು ಮುತ್ಯಾ ಕಣ್ಣು ಮುಚ್ಚಿಕೊಂಡ. ನಾವು ಬಹಳ ನಕ್ಕೆವು. 

ದಮಣ ಆಗಿನ್ನೂ ಪೋರ್ತುಗೀಜರ ಕೈಯಲ್ಲಿತ್ತು. ಗಡಿಯ ಪೊಲೀಸರು ನಮ್ಮನ್ನು ಬಳಸುದಾರಿಗೆ ಕಳಿಸಿದರು. “ಅವರ ನೆಲದಾಗ ಹುಟ್ಟಿದ ಸೆಲಿ ನಮ್ಮ ಕಡಿ ಹರದ್ರ ಅದಕ್ಕ ಯಾರು ಚೀಟಿ ಕೊಡ್ತಾರ್ರಿ?” ಎಂದು ಮುತ್ಯಾ ಪೊಲೀಸನನ್ನೇ ಕನ್ನಡದಲ್ಲಿ ಕೇಳಿದ. ಪುಣ್ಯಕ್ಕೆ ಅವನಿಗೆ ತಿಳಿಯಲಿಲ್ಲ, ನಾನೂ ತಿಳಿಸಲಿಲ್ಲ. ಸೂರತ್ತಿನಲ್ಲಿ ಇಂಗ್ಲಿಷರ, ಡಚ್ಚರ ಗುಮ್ಮಟದಂಥ ಗೋರಿಗಳನ್ನು ನೋಡಿದೆವು. ಭಡೋಚದಲ್ಲಿ ನರ್ಮದೆಯನ್ನು ದಾಟಿದೆವು. ಕೊನೆಗೆ ಖಂಬಾತ. ಒಂದು ಕಾಲಕ್ಕೆ ದೇಶದೇಶದ ಹಡಗುಗಳು ನಿಲ್ಲುತ್ತಿದ್ದ ಬಂದರು ಎಂದು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಊರು. ನಾವು ಹೋದಾಗ ಊರ ಕೋಟೆಗೋಡೆಯ ಕೆಳಗೆ ಬರೀ ಕೆಸರು, ಸಮುದ್ರ ದೂರ ಸರಿದು ಒಂದು ಗೆರೆಯಾಗಿತ್ತು.

“ಬಾವಿ ಬತ್ತೂದು ನೋಡೇನಿ” ಎಂದ ಮುತ್ಯಾ. “ಸಮುದ್ರನೂ ಊರು ಬಿಟ್ಟು ಹೋಗತೈತಿ?” ಅವನ ದನಿಯಲ್ಲಿ ಮೊದಲ ಸಲ ಅಳುಕು ಕೇಳಿಸಿತು.

ಸೇಟ್‌ಜಿಯ ಹಳ್ಳಿ ಇಪ್ಪತ್ತು-ಮೂವತ್ತು ಮನೆ. ಸುತ್ತ ಮರವಿಲ್ಲದ ಸಪಾಟು ಬಯಲು, ಅಲ್ಲಲ್ಲಿ ಬೂದಿ ಚೆಲ್ಲಿದ ಹಾಗೆ ಬಿಳುಪು. ಸೇಟ್‌ಜಿಯ ತಾಯಿ ಬಾಗಿಲಲ್ಲಿ ನಿಂತಿದ್ದರು. ಸಣ್ಣ ಜೀವ, ಬೆನ್ನು ಬಾಗಿತ್ತು. ಮುತ್ಯಾ ಉಪ್ಪು ಬಿಟ್ಟಿದ್ದಾನೆಂದು ಮಗ ಹೇಳಿದ ಕೂಡಲೇ ಆ ತಾಯಿ ತಾವೂ ಬಿಟ್ಟರು. ಇಬ್ಬರೂ ಎದುರುಬದುರು ಕೂತು ಸಪ್ಪೆ ಖಿಚಡಿ ಉಣ್ಣುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಬಾರದು, ಆದರೂ ಅವರ ನಡುವೆ ನನ್ನ ದುಭಾಷಿತನ ಬೇಕಾಗಲಿಲ್ಲ.

ಮುತ್ಯಾ ಕುರಿ ಬೇಕು ಎಂದ. ಊರಲ್ಲಿ ಕುರಿ ಇರಲಿಲ್ಲ. ಯಾರೋ ಒಂದು ಆಡು ತಂದರು. ಅದು ಎಲ್ಲೂ ಮಲಗಲಿಲ್ಲ, ಮುತ್ಯಾನ ರುಮಾಲಿನ ಅಂಚು ತಿಂದಿತು. ಸರಿ, ಕಂಬಳಿಯೊಂದೇ ಗತಿ ಎಂದು ಹಾಸಿದ. ಮೊದಲ ಬೆಳಿಗ್ಗೆ ಎತ್ತಿದರೆ ಕೆಳಮಗ್ಗಲು ತೊಪ್ಪೆಯಾಗಿತ್ತು. ಇನ್ನೊಂದು ಕಡೆ ಹಾಸಿದ, ಅಲ್ಲೂ ತೊಯ್ಯಿತು. ಮೂರನೆಯದು ಊರ ನಡುವಿನ ಬೇವಿನ ಮರದ ದಿಬ್ಬ, ಅಲ್ಲೂ ತೊಯ್ಯಿತು.

“ಇಂಥಾ ನೆಲಾ ನಾ ಹುಟ್ಟಿ ನೋಡಿಲ್ಲ. ಹಾಸಿದಲ್ಲೆಲ್ಲಾ ನೀರು!” ಎಂದು ಮುತ್ಯಾ ಹಿಗ್ಗಿದ. ಹಿಂದೆಯೇ ಅವನ ಹುಬ್ಬು ಗಂಟಾಯಿತು. ನೀರು ಇದೆ, ಯಾವ ನೀರು?

ಉಪ್ಪಿನ ನೆಲ ತಾನಾಗಿಯೇ ಗಾಳಿಯ ತೇವ ಹೀರಿ ಬೆವರುತ್ತದೆ. ಇದು ನನಗೆ ಗೊತ್ತಿರಬೇಕಿತ್ತು. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪಿನ ಭರಣಿ ಒದ್ದೆಯಾಗುವುದನ್ನು ನೋಡಿ ಬೆಳೆದವನು ನಾನು. ಆ ಬೆಳಿಗ್ಗೆ ಬೇವಿನ ದಿಬ್ಬದ ಮೇಲೆ ಮುತ್ಯಾ ಕಂಬಳಿ ಎತ್ತಿ ಹಿಡಿದಿದ್ದ. ನಾನು ಒದ್ದೆಗೆ ಬೆರಳು ಹಚ್ಚಿದೆ, ಯಾರೂ ನೋಡುತ್ತಿಲ್ಲ ಎಂದುಕೊಂಡು ನಾಲಿಗೆಗೆ ಇಟ್ಟೆ. ಉಪ್ಪು ಇತ್ತು.

ಹೇಳಬೇಕಿತ್ತು. ಹೇಳಲಿಲ್ಲ. ಸಮುದ್ರದ ಗಾಳಿಯ ಉಪ್ಪು ಇರಬೇಕು ಎಂದುಕೊಂಡೆ. ನಿನ್ನೆ ತಿಂದ ಗಾಂಠಿಯಾ ಎಂಬ ಕರಿದ ತಿಂಡಿಯ ಉಪ್ಪು ಬೆರಳಿಗಿದ್ದೀತು ಎಂದುಕೊಂಡೆ. ಇಷ್ಟು ವರ್ಷ ಬಾವಿ ತೋರಿಸಿದವನಿಗೆ ನಾಲ್ಕನೇ ಇಯತ್ತೆಯ ಮಾಸ್ತರ ಏನು ಹೇಳುವುದು ಎಂದುಕೊಂಡೆ. ರಜೆ ಮುಗಿಯುತ್ತ ಬಂದಿತ್ತು, ಅದೂ ತಲೆಯಲ್ಲಿತ್ತು. ಎಲ್ಲಕ್ಕೂ ಮಿಗಿಲಾಗಿ, ಆ ತಾಯಿ ಕುಂಕುಮದ ತಟ್ಟೆ ಹಿಡಿದು ಎದುರಿಗೇ ನಿಂತಿದ್ದರು. ಮುತ್ಯಾ ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಗೂಟ ಹೊಡೆದ.

ಎಂಟು ದಿನ ತೋಡಿದರು. ಮೆತ್ತನೆಯ ಮಣ್ಣು, ಬೇಗ ಇಳಿಯಿತು. ಒಂಬತ್ತನೆಯ ದಿನ ತಳದಲ್ಲಿ ನೀರು ಜಿನುಗಿತು. ಊರಿಗೆ ಊರೇ ಸೇರಿತು. ಹೆಂಗಸರು ಬೆಳಗಿದ ಹಿತ್ತಾಳೆ ಕೊಡಗಳನ್ನು ಹೊತ್ತು ನಿಂತರು. ಮುತ್ಯಾ ಹಗ್ಗ ಹಿಡಿದು ಕೆಳಗಿಳಿದ. ಮೇಲಿನಿಂದ ನಾನು ಬಗ್ಗಿ ನೋಡುತ್ತಿದ್ದೆ. ಬೊಗಸೆ ತುಂಬಿದ, ಹಣೆಗೆ ಒತ್ತಿಕೊಂಡ, ಕುಡಿದ.

ಕೂಗು ಬರಲಿಲ್ಲ. ಎರಡನೆಯ ಬೊಗಸೆ ಕುಡಿದ. ಮೂರನೆಯದನ್ನೂ ಕುಡಿದ, ರುಚಿ ಬದಲಾದೀತೇನೋ ಎನ್ನುವ ಹಾಗೆ. ನಾಲ್ಕನೆಯದನ್ನು ತುಂಬಿ ಕೈಯಲ್ಲೇ ಹಿಡಿದುಕೊಂಡು ನಿಂತ. ನೀರು ಬೆರಳ ಸಂದಿನಿಂದ ಸೋರಿ ಹೋಯಿತು. ನಾನು ಏನಾದರೂ ಮಾಡಬಹುದಿತ್ತು ಎಂದರೆ ಎಂಟು ದಿನದ ಹಿಂದೆ. ಈಗ ಹಗ್ಗ ಎಳೆಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ.

ಮೇಲೆ ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಸೇಟ್‌ಜಿಯ ತಾಯಿ ಅವನ ಒದ್ದೆ ಅಂಗೈಯನ್ನು ಮುಟ್ಟಿ, ಆ ಬೆರಳನ್ನು ತುಟಿಗೆ ಹಚ್ಚಿಕೊಂಡರು. ಅವನ ತೋಳು ಸವರಿ ಎರಡು ಮಾತು ಹೇಳಿ, ಕೊಡ ಎತ್ತಿ ಸೊಂಟಕ್ಕಿಟ್ಟು ಕೆರೆಯ ದಾರಿ ಹಿಡಿದರು. ಉಳಿದ ಹೆಂಗಸರೂ ಹಿಂದೆ ಹೋದರು.

“ಏನಂದ್ಳ್ರಿ ಆಕಿ?” ಎಂದು ಮುತ್ಯಾ ಕೇಳಿದ.

ಸೇಟ್‌ಜಿ ಅತ್ತ ತಿರುಗಿಕೊಂಡೇ ಹೇಳಿದರು. “ಬಿಸಿಲು ಏರಾಕತ್ತೇತಿ, ನೀರು ತರಾಕ ಹೊತ್ತಾತು ಅಂದ್ಳು.”

ಅವತ್ತಿನ ಊಟಕ್ಕೆ ಉಪ್ಪು ಹಾಕಿದ್ದರು. ಎಲ್ಲ ಮುಗಿಯಿತಲ್ಲ ಎಂದು. ಮುತ್ಯಾ ತಟ್ಟೆ ಸರಿಸಿದ. “ನೀರು ಇನ್ನಾ ಬಂದಿಲ್ಲಲ್ರಿ” ಎಂದ. ವಾಪಸು ಬರುವ ದಾರಿಯುದ್ದಕ್ಕೂ ಅದೇ ಕೋಟೆ, ಅದೇ ಖಾಡಿ, ಅದೇ ಉಪ್ಪಿನ ರಾಶಿಗಳು. ಮುತ್ಯಾ ಕಂಬಳಿ ಮುಸುಕಿ ಕೂತಿದ್ದ. ಯಾರೂ ನಗಲಿಲ್ಲ.

ಊರಿಗೆ ಬಂದ ಮೇಲೂ ಸಪ್ಪೆ ಗಡಿಗೆ ಒಲೆ ಇಳಿಯಲಿಲ್ಲ. ಬಾವಿಗೆ ಜಾಗ ಕೇಳಲು ಮುಧೋಳದಿಂದ, ತುಬಚಿಯಿಂದ ಮಂದಿ ಬರುತ್ತಲೇ ಇದ್ದರು. “ಒಂದು ಬಾವಿ ಬಾಕಿ ಐತ್ರಿ. ಅದು ಮುಗೀಲಿ” ಎಂದು ಕಳಿಸುತ್ತಿದ್ದ. ಆಯಿ ಅತ್ತಳು, ಕುರಿಯ ಹಿಂದೆ ಅಡವಿಯಲ್ಲಿದ್ದ ಮಕ್ಕಳು ಬಂದು ಬೈದರು, ಬೀರೇಶ್ವರನ ಪೂಜಾರಿ ಕಟ್ಟಳೆ ಬಿಡಿಸುತ್ತೇನೆಂದು ದೇವರ ಅರಿಶಿನ, ಭಂಡಾರ ಹಿಡಿದು ಬಂದ. ಮುತ್ಯಾ ಭಂಡಾರ ಹಚ್ಚಿಸಿಕೊಂಡು ಸಪ್ಪೆಯನ್ನೇ ಉಂಡ. ಮೈ ಇಳಿಯಿತು, ಕಂಬಳಿ ಹೆಗಲ ಮೇಲೆ ನಿಲ್ಲದೆ ಜಾರತೊಡಗಿತು.

ಹೀಗೇ ನಾಲ್ಕು ವರ್ಷ ಕಳೆದ ಮೇಲೆ, ನೋಡಲಾಗದೆ ನಾನು ಒಂದು ಹೇಸಿ ಕೆಲಸ ಮಾಡಿದೆ. ಜಮಖಂಡಿಯಿಂದ ನನ್ನ ಅಣ್ಣ ಬರೆದ ಕಾಗದವನ್ನು ಹಿಡಿದುಕೊಂಡು ಹೋಗಿ, ಖಂಬಾತದ ಕಡೆಯಿಂದ ಬಂದದ್ದೆಂದು ಸುಳ್ಳು ಹೇಳಿದೆ.

“ಮುತ್ಯಾ, ಹೋದ ಮಳಿಗಾಲದಾಗ ಭಾಳ ಮಳಿ ಆತಂತ. ಬಾವಿ ನೀರು ಸಿಹಿ ಆಗೇತಂತ್ರಿ.”

ಅವನು ಕಾಗದದ ಕಡೆ ನೋಡಿದ. “ಮೊದಲ ಬೊಗಸಿ ಯಾರು ಕುಡದ್ರು?”

“ಸೇಟ್‌ಜಿ ತಾಯಿ.”

“ಆಕಿ ಹ್ವಾದ ವರ್ಷ ತೀರಿಕೊಂಡ್ಳ್ರಿ. ಸೇಟ್‌ಜಿ ನನಗ ಬನಹಟ್ಟಿ ಸಂತ್ಯಾಗ ಹೇಳಿದ್ರು. ಕಡೀತನಕಾ ಕೆರಿ ನೀರ ಹೊತ್ತಳಂತ.”

ಕಾಗದ ಮಡಚಿ ಜೇಬಿಗಿಟ್ಟೆ. ಆಗ ಎಲ್ಲ ಬಾಯಿಗೆ ಬಂತು. ಬೇವಿನ ದಿಬ್ಬ, ಒದ್ದೆ ಕಂಬಳಿ, ನಾಲಿಗೆಗೆ ಹಚ್ಚಿದ ಬೆರಳು, ನುಂಗಿದ ಮಾತು, ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನೀವು ಬಟ್ಟು ನಾಲಿಗಿಗಿ ಹಚ್ಚೂದು ನಾ ನೋಡಿದ್ನಿರಿ ಮಾಸ್ತರ” ಎಂದ ಮುತ್ಯಾ. “ನನಗಂತೂ ಹಚ್ಚಾಕ ಬರ್ತಿರಲಿಲ್ಲ, ಕಟ್ಟಳಿ ಇತ್ತು. ನಿಮ್ಮ ಮಾರಿ ನೋಡ್ದ್ನಿ. ನೀವು ಏನೂ ಅನಲಿಲ್ಲ. ಸಿಹಿ ಇರಬೇಕು ಅಂತ ತಿಳದು ಗೂಟಾ ಬಡದ್ನಿ.”

ಅಷ್ಟು ಹೇಳಿ, ಚಹಾ ಕುಡಿದು ಹೋಗಬೇಕೆಂದು ಒತ್ತಾಯ ಮಾಡಿದ. ಅದಾದ ಮೇಲೂ ಏಳು ವರ್ಷ ಬದುಕಿದ್ದ. ಸಿಕ್ಕಾಗಲೆಲ್ಲ ಮಕ್ಕಳ ಸುದ್ದಿ, ಸಾಲೆಯ ಸುದ್ದಿ ಕೇಳುತ್ತಿದ್ದ. ಆ ಬೆಳಗಿನ ಮಾತು ಮತ್ತೆ ಎತ್ತಲಿಲ್ಲ.

ಹೋದ ತಿಂಗಳು ಅವನು ತೀರಿಕೊಂಡ ಸುದ್ದಿ ರಬಕವಿಗೆ ಬಂದಾಗ ನಾನು ವರ್ಗವಾಗಿ ಅಲ್ಲಿನ ಸಾಲೆಯಲ್ಲಿದ್ದೆ. ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಎಡೆ ಒಯ್ಯುವ ಹೊತ್ತಿಗೆ ಗಲಗಲಿ ಮುಟ್ಟಿದೆ. ಮನೆಯಲ್ಲಿ ಜಗಳ ನಡೆದಿತ್ತು. ಸತ್ತ ಮೇಲೆ ಎಂಥ ಕಟ್ಟಳೆ, ಎಡೆಯ ಅಡುಗೆಗೆ ಉಪ್ಪು ಹಾಕು ಎಂದು ಮಕ್ಕಳು. ಹಾಕಿದರೆ ಅವನು ಮುಟ್ಟುವುದಿಲ್ಲ ಎಂದು ಬೀಗರು. ಆಯಿ ಒಲೆಯ ಮುಂದೆ ಮುಷ್ಟಿಯಲ್ಲಿ ಉಪ್ಪು ಹಿಡಿದು ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಮಾಸ್ತರ, ನೀವು ಅವರ ಜೋಡಿ ಅಲ್ಲಿ ಇದ್ರಿ. ಹಾಕಲ್ಯೋ ಬ್ಯಾಡೋ, ನೀವು ಹೇಳ್ರಿ.”

ಎಲ್ಲರೂ ನನ್ನ ಮುಖ ನೋಡಿದರು. ಹನ್ನೊಂದು ವರ್ಷದ ಸಪ್ಪೆ ಇವತ್ತಾದರೂ ಮುಗಿಯಲಿ ಎಂದು ನನ್ನ ಜೀವ ಹೇಳುತ್ತಿತ್ತು. ಆ ಬಾವಿಗೆ ಸಿಹಿ ನೀರು ಬಂದಿಲ್ಲ ಎಂಬುದೂ ಗೊತ್ತಿತ್ತು. ಈ ಸಲ ಸುಮ್ಮನಿರುವ ಹಾಗಿರಲಿಲ್ಲ.

“ಹಾಕಬ್ಯಾಡ್ರಿ ಆಯಿ” ಎಂದೆ.

ಆಯಿ ಮುಷ್ಟಿ ಬಿಚ್ಚಿ ಉಪ್ಪನ್ನು ಮತ್ತೆ ಭರಣಿಗೆ ಸುರಿದಳು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು.

“ಆತು ಬಿಡ್ರಿ. ನಿಮ್ಮ ಮ್ಯಾಲ ಅವರಿಗಿ ಭಾಳ ನಂಬಿಗಿ ಇತ್ತು.”